ರಗಸದಅ: ಕ್ರಿಯಾಪದವಿಲ್ಲದ ಮೊದಲ ಓದು

ಮಂಗಳೂರಿನ ಕಂಕನಾಡಿಯ ಅಪಾರ್ಟ್‌ಮೆಂಟುಗಳಲ್ಲಿ ಮಗುವಿಗೆ ಮೂರು ತುಂಬುವುದರೊಳಗೆ ಅಕ್ಕಪಕ್ಕದವರು ಕೇಳುವ ಪ್ರಶ್ನೆ ಒಂದೇ: ‘ಫೋನಿಕ್ಸ್‌ಗೆ ಹಾಕಿದಿರಾ?’ ಅದೇ ನಗರದ ಸರ್ಕಾರಿ ಕನ್ನಡ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಆರು ವರ್ಷದ ಇನ್ನೊಂದು ಮಗು ಕಾರ್ಡು ಹಿಡಿದು ‘ರ’ ಎನ್ನುತ್ತಿರುತ್ತದೆ. ಮೊದಲನೆಯದು ಅಕ್ಷರಗಳ ಧ್ವನಿ ಕೂಡಿಸಿ ಇಂಗ್ಲಿಷ್ ಓದಿಸುವ ತರಗತಿ, ಎರಡನೆಯದು ಕಾರ್ಡು-ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ. ಒಂದಕ್ಕೆ ಶುಲ್ಕ ಉಂಟು, ಇನ್ನೊಂದಕ್ಕೆ ಬಿಸಿಯೂಟ ಉಂಟು. ಎರಡಕ್ಕೂ ತಮ್ಮ ತಮ್ಮ ವಲಯದಲ್ಲಿ ಯಾರೂ ಪ್ರಶ್ನಿಸದಷ್ಟು ಒಳ್ಳೆಯ ಹೆಸರಿದೆ. ಫೋನಿಕ್ಸ್‌ನ ಬೆನ್ನಿಗೆ ‘ವಿಜ್ಞಾನ’ ನಿಂತಿದೆ, ನಲಿ-ಕಲಿಯ ಬೆನ್ನಿಗೆ ‘ಮಕ್ಕಳ ಸ್ನೇಹಿ’ ಎಂಬ ವಿಶೇಷಣ. ಈ ಎರಡನೆಯದರ ಹೆಸರು, ಓದು ಕಲಿಸುವ ಮಟ್ಟಿಗಾದರೂ, ಅದು ಗಳಿಸಿದ್ದಕ್ಕಿಂತ ದೊಡ್ಡದು. ಆದರೆ ಅದರ ಮೇಲೆ ಹದಿನೈದು ವರ್ಷಗಳಿಂದ ಹೊರಿಸುತ್ತ ಬಂದಿರುವ ಆರೋಪಗಳೆಲ್ಲ ತಪ್ಪು ಜಾಗಕ್ಕೆ ಗುರಿಯಿಟ್ಟಂಥವು.

ನಲಿ-ಕಲಿಯ ಚರಿತ್ರೆಯನ್ನು ಬಲ್ಲವರಿಗೆ ಮತ್ತೆ ಹೇಳಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಯಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ಕಂಡು ಬಂದ ಮೇಷ್ಟ್ರುಗಳು ತಾವೇ ಕೂತು ಕಾರ್ಡು ಬರೆದರು. 2009–10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಯಾರ ನೆರವಿನಿಂದ ಕಲಿಯಬೇಕೆಂದು ಗುಂಪು ಮಾಡುವ ಐದು ತಟ್ಟೆಗಳ ಸುತ್ತ. ಗೋಡೆಯಲ್ಲಿ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಚಪ್ಪರ, ನೆಲಮಟ್ಟದಲ್ಲಿ ಮಕ್ಕಳಿಗೇ ಮೀಸಲಾದ ಗೋಡೆ ಕಪ್ಪುಹಲಗೆ. ಶಾಲೆಯೆಂದರೆ ಬೆತ್ತ ಎಂಬ ಭಯವನ್ನು ಇದು ತೆಗೆದುಹಾಕಿತು ಎಂಬುದರಲ್ಲಿ ಅನುಮಾನವಿಲ್ಲ. ಆ ಶ್ರೇಯಸ್ಸು ಅದಕ್ಕೆ ಸಲ್ಲಬೇಕು, ಸಂದಿದೆ. ಹೆಗ್ಗಡದೇವನಕೋಟೆಯಲ್ಲಿ ಮೇಷ್ಟ್ರ ಕೃತಿಯಾಗಿದ್ದದ್ದು ಸುತ್ತೋಲೆಯಾಗಿ ಬೇರೆ ಜಿಲ್ಲೆಗಳಿಗೆ ಹೋಯಿತು ಎಂಬುದು ಬೇರೆ ಮಾತು.

ಇಲ್ಲಿ ನೋಡಬೇಕಾದ್ದು ಅದರ ಮೊದಲ ಐದು ಅಕ್ಷರಗಳನ್ನು: ರ, ಗ, ಸ, ದ, ಅ. ಟೀಚರುಗಳ ಬಾಯಲ್ಲಿ ಇದು ಒಂದೇ ಪದವಾಗಿಬಿಟ್ಟಿದೆ, ‘ರಗಸದಅ’. ಇದರ ನಂತರ ‘ಜವಮಬನ’. ಅ ಆ ಇ ಈ ಎಂಬ ವರ್ಣಮಾಲೆಯ ಕ್ರಮವನ್ನು ಮುರಿದು ಈ ಗುಂಪುಗಳನ್ನು ಕಟ್ಟಿದ್ದೇ ನಲಿ-ಕಲಿಯ ಓದು ಕಲಿಸುವ ತಂತ್ರದ ತಿರುಳು. ಅದನ್ನು ಹೊಗಳಿದವರು ಕ್ರಮ ಮುರಿದದ್ದಕ್ಕೆ ಹೊಗಳಿದರು, ಬೈದವರು ಅದಕ್ಕೇ ಬೈದರು. ಈ ಐದಕ್ಷರದಲ್ಲಿ ಮಗು ಏನನ್ನು ಓದಬಲ್ಲದು ಎಂಬ ಸರಳ ಲೆಕ್ಕವನ್ನು ಎರಡೂ ಕಡೆಯವರು ಮಾಡಿದಂತಿಲ್ಲ.

ಮೊದಲು ಅದರ ಜಾಣತನವನ್ನು ಒಪ್ಪಿಕೊಳ್ಳೋಣ. ವರ್ಣಮಾಲೆಯ ಕ್ರಮದಲ್ಲಿ ಕಲಿಯುವ ಮಗುವಿಗೆ ಮೊದಲು ಸಿಗುವುದೆಲ್ಲ ಸ್ವರಗಳು. ಅವುಗಳ ಪೂರ್ಣ ರೂಪ ಕನ್ನಡದಲ್ಲಿ ಬರುವುದು ಹೆಚ್ಚು ಕಡಿಮೆ ಪದದ ಮೊದಲಿಗೆ ಮಾತ್ರ. ಹದಿಮೂರು ಸ್ವರ ಕಲಿತ ಮೇಲೂ ಮಗು ಓದಬಲ್ಲ ಪದಗಳೆಂದರೆ ‘ಆ’ ಮತ್ತು ‘ಈ’. ಚಾರ್ಟಿನಲ್ಲಿ ಆ ಅಕ್ಷರಕ್ಕೆ ಆನೆ, ಎ ಅಕ್ಷರಕ್ಕೆ ಎಲೆ ಎಂದು ಚಿತ್ರ ಇರುತ್ತದೆ ನಿಜ. ಆದರೆ ‘ನೆ’ ಆಗಲಿ ‘ಲೆ’ ಆಗಲಿ ಆ ಮಗುವಿಗೆ ಇನ್ನೂ ಯಾರೂ ಹೇಳಿಕೊಟ್ಟಿಲ್ಲ. ಅದು ಚಿತ್ರ ನೋಡಿ ಆನೆ ಎನ್ನುತ್ತದೆ, ಅಕ್ಷರ ನೋಡಿ ಅಲ್ಲ. ಇದಕ್ಕೆ ಹೋಲಿಸಿದರೆ ರಗಸದಅ ದೊಡ್ಡ ಮುಂದಡಿ. ಐದೂ ಸುಲಭವಾಗಿ ಬರೆಯಬಹುದಾದ ಆಕಾರಗಳು, ಕನ್ನಡದಲ್ಲಿ ಮತ್ತೆ ಮತ್ತೆ ಬರುವ ಅಕ್ಷರಗಳು. ಐದು ಕಲಿತ ಕೂಡಲೇ ಸರ, ರಸ, ದರ, ಅರಸ, ಅಗಸ, ಸರಸ, ದಸರ, ಗರಗಸ. ಒಂದೆರಡು ವಾರದಲ್ಲಿ ಮಗು ನಾಲ್ಕಕ್ಷರದ ‘ಗರಗಸ’ವನ್ನು ತಾನಾಗಿ ಕೂಡಿಸಿ ಓದಿತು ಎಂದರೆ ಅದು ಸಣ್ಣ ಸಂಗತಿಯಲ್ಲ.

ಈಗ ಆ ಪಟ್ಟಿಯನ್ನೇ ಇನ್ನೊಮ್ಮೆ ಓದಿ. ಎಲ್ಲವೂ ನಾಮಪದ. ಒಬ್ಬ ಅರಸ ಇದ್ದಾನೆ, ಒಬ್ಬ ಅಗಸ ಇದ್ದಾನೆ, ಒಂದು ಗರಗಸ ಬಿದ್ದಿದೆ, ಆದರೆ ಅರಸ ಬರುವುದಿಲ್ಲ, ಅಗಸ ಒಗೆಯುವುದಿಲ್ಲ, ಗರಗಸ ಕೊಯ್ಯುವುದಿಲ್ಲ. ಈ ಐದಕ್ಷರದ ಲೋಕದಲ್ಲಿ ಏನೂ ನಡೆಯುವುದಿಲ್ಲ. ಕಾರಣ ಕಾರ್ಡು ಬರೆದವರ ಆಲಸ್ಯವಲ್ಲ, ಕನ್ನಡದ ಸ್ವಭಾವ. ಕನ್ನಡದ ಕ್ರಿಯಾಪದ ಗುಣಿತವಿಲ್ಲದೆ ನಿಲ್ಲುವುದೇ ಕಷ್ಟ. ಓದು, ಬರೆ, ಕುಣಿ, ನಗು, ಬಾ, ಹೋಗು, ಕೊಡು, ತಿನ್ನು: ತಲೆಕಟ್ಟಿನ ‘ಅ’ಕಾರಗಳಷ್ಟೇ ಇದ್ದರೆ ಇವುಗಳಲ್ಲಿ ಒಂದನ್ನೂ ಬರೆಯಲಾಗದು. ರಗಸದಅಕ್ಕೆ ಜವಮಬನ ಸೇರಿಸಿ ಹತ್ತು ಅಕ್ಷರ ಮಾಡಿದರೂ ಪರಿಸ್ಥಿತಿ ಅದೇ. ಮರ, ಜನ, ನಗರ, ಬಸವ, ಮಗ ಎಲ್ಲ ಬರುತ್ತವೆ. ‘ಅವನ ಮಗ ಬಸವ’ ಎಂಬ ವಾಕ್ಯವನ್ನೂ ಬರೆಯಬಹುದು, ಕನ್ನಡಕ್ಕೆ ಕ್ರಿಯಾಪದವಿಲ್ಲದ ವಾಕ್ಯ ಹೊಸತಲ್ಲ. ಆದರೆ ಆ ಬಸವ ಏನು ಮಾಡಿದ? ಅನುಸ್ವಾರ ಕಲಿತ ಮೇಲೆ ‘ಬಂದ’. ಅಲ್ಲಿಯ ತನಕ ಅವನು ಅವನ ಮಗ, ಅಷ್ಟೇ.

ಕ್ರಿಯಾಪದದ ಪಾಡು ಇದಾದರೆ ವಿಭಕ್ತಿಯ ಪಾಡೂ ಬೇರೆಯಲ್ಲ. ಗೆ, ಇಂದ, ಅಲ್ಲಿ, ಅನ್ನು, ಬಹುವಚನದ ಗಳು, ಪ್ರಶ್ನೆಯ ಆ, ಒತ್ತಿ ಹೇಳುವ ಏ, ಇವೆಲ್ಲ ಗುಣಿತವನ್ನೋ ಒತ್ತನ್ನೋ ಬೇಡುತ್ತವೆ. ಗುಣಿತದ ಹಂಗಿಲ್ಲದೆ ಸಿಗುವ ವಿಭಕ್ತಿ ಎಂದರೆ ಷಷ್ಠಿಯೊಂದೇ: ಮರದ, ಅರಸರ. ಅಂದರೆ ಗುಣಿತ ಬರುವ ತನಕ ಮಗು ಓದುವುದು ಕನ್ನಡ ಭಾಷೆಯನ್ನಲ್ಲ, ಕನ್ನಡದ ವಸ್ತುಗಳ ಹೆಸರಿನ ಪಟ್ಟಿಯನ್ನು. ಮಾತು ಕಲಿತ ಯಾವ ಮಗುವೂ ಹೀಗೆ ಮಾತಾಡುವುದಿಲ್ಲ. ಎರಡು ವರ್ಷದ ಮಗುವಿನ ಬಾಯಲ್ಲಿ ‘ಬೇಡ’, ‘ಕೊಡು’, ‘ಬಾ’ ಬಂದು ಎಷ್ಟೋ ಕಾಲದ ಮೇಲೆ ಅದು ಶಾಲೆಗೆ ಬರುತ್ತದೆ, ಅಲ್ಲಿ ಅದರ ಕೈಗೆ ಗರಗಸ ಕೊಡುತ್ತಾರೆ.

ಕಂಕನಾಡಿಯ ಮಗುವಿಗೆ ಇದರ ತೊಡಕು ಇನ್ನೂ ಒಂದು ಪಾಲು ಹೆಚ್ಚು. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಬ್ಯಾರಿ, ಟಿವಿಯಲ್ಲಿ ಕನ್ನಡ, ಆಸ್ಪತ್ರೆಯ ಬೋರ್ಡಿನಲ್ಲಿ ಇಂಗ್ಲಿಷ್. ಇವುಗಳಲ್ಲಿ ಕನ್ನಡವಲ್ಲದೆ ಮೂರು ನುಡಿಗಳು ಇಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚಾಗುತ್ತ ಬಂದಿವೆ. ಕೊಂಕಣಿಯ ‘ರಾಕ್ಣೊ’ 1938ರಿಂದ ಈ ಲಿಪಿಯಲ್ಲೇ ಮನೆಮನೆಗೆ ಹೋಗಿದೆ. ಅಂದರೆ ಕನ್ನಡ ಅಕ್ಷರ ಬಂದರೆ ಈ ಊರಿನ ಮಗುವಿಗೆ ನಾಲ್ಕು ಭಾಷೆಗಳ ಬಾಗಿಲು ಒಂದೇ ಸಲ ತೆರೆಯುತ್ತದೆ. ಇಂಥ ಅನುಕೂಲ ಕರ್ನಾಟಕದ ಬೇರೆ ಎಷ್ಟು ಊರುಗಳಿಗೆ ಉಂಟು? ಆದರೆ ಬೀದರಿನಿಂದ ಮಂಗಳೂರಿನವರೆಗೆ ಒಂದೇ ಐದಕ್ಷರ, ಅದೇ ಅಗಸ. ಬಟ್ಟೆ ಒಗೆಯುವವರನ್ನು ಮಡಿವಾಳ ಎಂದೇ ಕರೆಯುವ ಈ ಕರಾವಳಿಯಲ್ಲಿ ಅಗಸ ಎಂಬವನು ಕಾರ್ಡಿನಲ್ಲಿ ಮಾತ್ರ ಸಿಗುವ ಮನುಷ್ಯ. ಇನ್ನು ಊರುಗಳ ಹೆಸರು: ಕಂಕನಾಡಿ, ಜೆಪ್ಪು, ಪಂಪ್‌ವೆಲ್, ಬೆಂದೂರ್‌ವೆಲ್, ವೆಲೆನ್ಸಿಯಾ, ಗರೋಡಿ. ದಿನಾ ಸಿಟಿ ಬಸ್ಸಿನ ಹಣೆಯ ಮೇಲೆ ಕಾಣುವ ಈ ಹೆಸರುಗಳಲ್ಲಿ ಒಂದೂ ರಗಸದಅಕ್ಕೆ ಎಟುಕುವುದಿಲ್ಲ. ಆ ಐದಕ್ಷರದಿಂದ ಓದಬಹುದಾದ ಊರು ಒಂದುಂಟು, ಗದಗ. ಘಟ್ಟ ಹತ್ತಿ, ಹುಬ್ಬಳ್ಳಿಯನ್ನೂ ದಾಟಿ ಹೋಗಬೇಕು.

ಸೋನಾಲಿ ನಾಗ್ ಅವರ ಕೆಲಸವನ್ನು ಓದಿದವರಿಗೆ ಗುಣಿತವನ್ನು ಮುಂದೂಡುವುದರ ಪರಿಣಾಮ ಅಚ್ಚರಿ ತರದು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನಲ್ಲಿದ್ದುಕೊಂಡು ಕನ್ನಡ ಮಕ್ಕಳ ಓದನ್ನು ಅಳೆದ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂದು ತೋರಿಸಿತು. ಅಕಾರದ ಅಕ್ಷರಗಳು ಬೇಗ ಬರುತ್ತವೆ, ಗುಣಿತ ನಿಧಾನ, ಒತ್ತಕ್ಷರ ಇನ್ನೂ ನಿಧಾನ. ಇಂಗ್ಲಿಷಿನಲ್ಲಿ ಕಲಿಯಬೇಕಾದ ಆಕಾರಗಳು 26, ಕನ್ನಡದಲ್ಲಿ ನಾನೂರಕ್ಕೂ ಮೇಲೆ. ಆದ್ದರಿಂದ ಕನ್ನಡದ ಮಗು ಹಿಂದೆ ಬಿದ್ದಿದೆ ಎನ್ನುವುದು ತಪ್ಪು, ಅದು ಹೆಚ್ಚು ಉದ್ದದ ದಾರಿಯಲ್ಲಿದೆ. ಹೀಗಿರುವಾಗ ಆ ದಾರಿಯ ಅತಿ ಉದ್ದದ ತುಂಡನ್ನು ಮೊದಲೇ ಹಿಡಿಯಬೇಕೋ ಕೊನೆಗೆ ಇಡಬೇಕೋ?

ನಲಿ-ಕಲಿ ಕೊನೆಗೆ ಇಡುತ್ತದೆ. ಅದಕ್ಕೆ ಮೊದಲಿದ್ದ ಪಠ್ಯಪುಸ್ತಕಗಳೂ ಇಟ್ಟಿದ್ದವು, ಹಳೆಯ ಕಾಲದ ಊರ ಶಾಲೆಯಾದ ಐಗಳ ಮಠವೂ ಇಟ್ಟಿತ್ತು. ಅಕ್ಷರ, ಆಮೇಲೆ ಗುಣಿತ, ಆಮೇಲೆ ಒತ್ತು: ಕ್ರಾಂತಿಕಾರಿ ಎನ್ನಿಸಿಕೊಂಡ ಈ ಪದ್ಧತಿ ಅಕ್ಷರಗಳ ಒಳಗಿನ ಸಾಲನ್ನು ಕದಡಿತೇ ಹೊರತು ಈ ಮೂರು ಮೆಟ್ಟಿಲಿನ ಹಳೆಯ ಸಾಲನ್ನು ಮುಟ್ಟಲಿಲ್ಲ. ನಲಿ-ಕಲಿಯ ಹೆಸರು ಉಬ್ಬಿದೆ ಎನ್ನುವುದು ಇದೇ ಅರ್ಥದಲ್ಲಿ. ಮುಟ್ಟಬೇಕಾದ ಜಾಗವನ್ನು ಮುಟ್ಟದೆಯೇ ಅದು ಸುಧಾರಣೆ ಎಂದು ಕರೆಸಿಕೊಂಡಿತು.

ಮುಟ್ಟಿದ್ದರೆ ಏನಾಗುತ್ತಿತ್ತು? ಅದೇ ಐದಕ್ಷರ ಇರಲಿ. ಎರಡೇ ಎರಡು ಚಿಹ್ನೆ ಸೇರಿಸಿ, ಗುಡಿಸು ಮತ್ತು ಕೊಂಬು, ಅಂದರೆ ಇಕಾರ ಮತ್ತು ಉಕಾರ. ತಕ್ಷಣ ಸರಿ, ಗರಿ, ಗಿರಿ, ಗುರು, ಗುರಿ, ಅದು, ಅರಸು ಬಂದವು. ಅದಕ್ಕಿಂತ ಮುಖ್ಯವಾಗಿ ಇದು ಬಂತು: ‘ಅದು ಅರಸರ ಸರ. ಅರಸ ಗದರಿದ. ಅಗಸ ಸರಿದ.’ ಮೂರು ವಾಕ್ಯ, ಒಂದು ಕಥೆ. ಸರ ಹೇಗೆ ಅಗಸನ ಕೈಗೆ ಬಂತು, ಅರಸ ಯಾಕೆ ಗದರಿದ ಎಂದು ಆರು ವರ್ಷದ ಮಗು ಕೇಳಿಯೇ ಕೇಳುತ್ತದೆ. ಗರಗಸ ಎಂದು ಓದಿ ಮುಗಿಸಿದ ಮಗು ಏನನ್ನೂ ಕೇಳುವುದಿಲ್ಲ, ಮುಂದಿನ ಕಾರ್ಡು ಎತ್ತಿಕೊಳ್ಳುತ್ತದೆ. ಓದಿನಲ್ಲಿ ಅರ್ಥ ಎಂಬುದು ಹುಟ್ಟುವುದು ‘ಗದರಿದ’ ಎಂಬಲ್ಲಿ, ಆ ‘ರಿ’ಯ ಗುಡಿಸಿನಲ್ಲಿ.

ನಲಿ-ಕಲಿಯ ಪರ ವಾದಿಸುವವರು ಇಲ್ಲಿ ಹಾಡು, ಕಥೆ, ಮಾತುಕತೆಯ ಚಟುವಟಿಕೆಗಳ ಕಡೆಗೆ ಕೈ ತೋರಿಸುತ್ತಾರೆ. ಅವು ಇವೆ, ಚೆನ್ನಾಗಿಯೂ ಇವೆ. ಆದರೆ ಹಾಡುವಾಗ ಕುಣಿದಾಡುವ ಕ್ರಿಯಾಪದಗಳು ಓದುವ ಕಾರ್ಡಿಗೆ ಬರುವಾಗ ಕಾಣೆಯಾಗುತ್ತವೆ. ಬಾಯಿಯ ಕನ್ನಡ ಒಂದು, ಕಾರ್ಡಿನ ಕನ್ನಡ ಇನ್ನೊಂದು. ಇವೆರಡೂ ಒಂದೇ ಎಂದು ಮಗುವಿಗೆ ಗೊತ್ತಾಗಲು ತಿಂಗಳುಗಟ್ಟಲೆ ಬೇಕು. ಈ ಜಿಲ್ಲೆಯಲ್ಲಿ ಮಕ್ಕಳ ಓದಿನ ಬಗ್ಗೆ ಯೋಚಿಸಿದ ಮೊದಲಿಗರಲ್ಲಿ ಒಬ್ಬರಾದ ಪಂಜೆ ಮಂಗೇಶರಾಯರು (1874–1937) ಮೇಷ್ಟ್ರೂ ಆಗಿದ್ದರು, ಶಾಲಾ ಇನ್ಸ್‌ಪೆಕ್ಟರೂ ಆಗಿದ್ದರು. ಅವರ ಮಕ್ಕಳ ಪದ್ಯಗಳನ್ನು ತೆರೆದು ನೋಡಿದರೆ ಕರೆಯುವ, ಬೇಡುವ, ಓಡಿಸುವ ಕ್ರಿಯೆಗಳೇ ಸಾಲನ್ನು ಎಳೆದುಕೊಂಡು ಹೋಗುತ್ತವೆ. ಅವರಿಗೆ ಗೊತ್ತಿದ್ದದ್ದು ಕಾರ್ಡು ಬರೆದವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿದ್ದೂ ಅಕ್ಷರ ಬೇರೆ, ಸಾಹಿತ್ಯ ಬೇರೆ ಎಂದುಕೊಂಡರು.

ಒತ್ತಕ್ಷರದ ವಿಷಯದಲ್ಲಂತೂ ಹೀಗೆ ಕೊನೆಗೆ ತಳ್ಳುವುದು ವಿಪರೀತ. ಒತ್ತು ಕಷ್ಟ, ಆದ್ದರಿಂದ ಕೊನೆಗೆ ಇರಲಿ ಎಂಬುದು ಎಲ್ಲ ಪದ್ಧತಿಗಳೂ ಒಪ್ಪಿದ ಮಾತು. ಆದರೆ ಮಗುವಿನ ಮೊದಲ ಪದಗಳನ್ನು ನೋಡಿ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ತುಳುವಿನ ಅಪ್ಪೆ, ಬ್ಯಾರಿಯ ಉಮ್ಮ. ಇಲ್ಲ, ಅಲ್ಲ, ಎಲ್ಲ, ಅಲ್ಲಿ, ಇಲ್ಲಿ. ಒಂದಕ್ಕೂ ಒತ್ತಿಲ್ಲದೆ ಗತಿಯಿಲ್ಲ. ಇವೆಲ್ಲ ಸಜಾತೀಯ ಒತ್ತುಗಳು, ಒಂದೇ ಅಕ್ಷರ ಇಮ್ಮಡಿಸಿದ್ದು. ಪ, ಜ, ಣ ಮುಂತಾದ ಬಹಳಷ್ಟು ಅಕ್ಷರಗಳ ಒತ್ತು, ತಲೆಕಟ್ಟು ಇದ್ದರೆ ಅದನ್ನು ಕಳಚಿದ, ಅದೇ ಅಕ್ಷರ. ಮಗುವಿಗೆ ಅದನ್ನು ಗುರುತಿಸಲು ಪ್ರಯಾಸವಿಲ್ಲ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಬೇರೆ ರೂಪದ್ದು, ಇವನ್ನು ಬಿಡಿಬಿಡಿಯಾಗಿ ಕಲಿಸಬೇಕು. ನಿಜವಾಗಿ ಕಾಡುವುದು ವಿಜಾತೀಯ ಒತ್ತು, ಅದಕ್ಕಿಂತಲೂ ಅರ್ಕಾವತ್ತು. ‘ಕರ್ನಾಟಕ’ ಎಂಬಲ್ಲಿ ನಾಲಗೆ ರಕಾರವನ್ನು ಮೊದಲು ಹೇಳಿ ನಾ ಎನ್ನುತ್ತದೆ, ಕಣ್ಣಿಗೆ ಮೊದಲು ನಾ ಕಂಡು ಆಮೇಲೆ ರಕಾರ ಕಾಣುತ್ತದೆ. ಇಂಥದ್ದನ್ನು ತಡವಾಗಿ ಕಲಿಸುವುದು ನ್ಯಾಯ. ಅಮ್ಮನನ್ನೂ ಅರ್ಕಾವತ್ತನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಅಟ್ಟಕ್ಕೆ ಎಸೆದದ್ದು ನ್ಯಾಯವಲ್ಲ.

ಇನ್ನು ನಲಿ-ಕಲಿಯನ್ನು ಟೀಕಿಸುವವರ ಸರದಿ. ಇವರಲ್ಲಿ ಮೊದಲನೆಯ ಪಂಗಡ ಕಾಗುಣಿತದ ಅಭಿಮಾನಿಗಳದ್ದು. ‘ನಮ್ಮ ಕಾಲದಲ್ಲಿ ಕ ಕಾ ಕಿ ಕೀ ಬಾಯಿಪಾಠ ಮಾಡಿಸುತ್ತಿದ್ದರು, ಓದು ತಾನಾಗಿ ಬರುತ್ತಿತ್ತು, ಈಗಿನ ಮಕ್ಕಳಿಗೆ ಅಆಇಈ ಕ್ರಮವಾಗಿ ಹೇಳಲೂ ಬರುವುದಿಲ್ಲ’ ಎಂಬುದು ಪೋಷಕರ ಸಭೆಗಳಲ್ಲಿ ಕೇಳಿಬರುವ ದೂರು. ಯಾರ ಕಾಲದಲ್ಲಿ, ಎಷ್ಟು ಮಕ್ಕಳಿಗೆ ಬರುತ್ತಿತ್ತು ಎಂದು ಇವರು ಹೇಳುವುದಿಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಮಠಗಳ ಬಗ್ಗೆ ಬರೆದ ವರದಿಯಲ್ಲಿ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವ ಕ್ರಮವನ್ನೂ, ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಮಿತವ್ಯಯವನ್ನೂ ಮೆಚ್ಚಿದ. ಅದರ ಜೊತೆಗೇ, ಪದ್ಯಗಳನ್ನು ಒಪ್ಪಿಸುವ ಈ ಹುಡುಗರಿಗೆ ಅದರ ಅರ್ಥ ಗಿಳಿಗೆ ಗೊತ್ತಿರುವಷ್ಟೇ ಗೊತ್ತು ಎಂದೂ ಬರೆದ. ದೊಡ್ಡವರು ಚಿಕ್ಕವರಿಗೆ ಕಲಿಸುವ ಆ ಕ್ರಮವನ್ನು ಮದ್ರಾಸಿನ ಆ್ಯಂಡ್ರೂ ಬೆಲ್ ಅದಕ್ಕೂ ಮೊದಲೇ ಇಂಗ್ಲೆಂಡಿಗೆ ಒಯ್ದಿದ್ದ. ನಲಿ-ಕಲಿಯ ‘ಗೆಳೆಯರ ಸಹಾಯ’ದ ತಟ್ಟೆಯ ವಂಶವೃಕ್ಷ ಹುಡುಕಿದರೆ ರಿಷಿ ವ್ಯಾಲಿಗಿಂತ ಹಿಂದೆ ಐಗಳ ಜಗಲಿಯೇ ಸಿಕ್ಕೀತು. ಪೋಷಕರ ದೂರಿಗೆ ಮರಳಿದರೆ, ಅ ಆ ಇ ಈ ಎಂಬ ಕ್ರಮದ ಬಾಯಿಪಾಠ ನಿಘಂಟು ನೋಡಲು ಬೇಕಾದದ್ದು. ಅದನ್ನು ಮೂರನೇ ತರಗತಿಯಲ್ಲಿ ಒಂದು ವಾರದಲ್ಲಿ ಕಲಿಸಬಹುದು. ಕಾಗುಣಿತಕ್ಕೆ ಬಂದರೆ, 34 ವ್ಯಂಜನ, 15 ಕಂಬ, ಒಟ್ಟು 510 ಮನೆ. ಇದರಲ್ಲಿ ಙೌ, ಞೃ, ಠಃ ಮುಂತಾದವುಗಳನ್ನು ಬರೆದವರಿಗೆ ಎಂದೂ ಅವುಗಳನ್ನು ಓದುವ ಸಂದರ್ಭ ಬರುವುದಿಲ್ಲ. ಆದರೂ ಕಾಗುಣಿತ ಒಂದು ವಿಷಯದಲ್ಲಿ ಸರಿ: ಗುಣಿತವನ್ನು ಅದು ವ್ಯವಸ್ಥೆಯಾಗಿ ಕಾಣುತ್ತದೆ. ‘ಪು’, ‘ವು’ಗಳಲ್ಲಿ ಕೊಂಬು ಬಲಕ್ಕೆ ಹೋಗದೆ ಕೆಳಗೆ ಇಳಿಯುತ್ತದೆ, ‘ವು’ ಮತ್ತು ‘ಮ’ ಹತ್ತಿರದಿಂದ ನೋಡದಿದ್ದರೆ ಒಂದೇ ಎನಿಸುತ್ತವೆ ಎಂಬ ಸೂಕ್ಷ್ಮವನ್ನು ಕಾಗುಣಿತ ತಿದ್ದಿದ ಕೈ ಮರೆಯದು.

ಎರಡನೆಯ ಪಂಗಡ ಸಂಶೋಧಕರದ್ದು. ಶೈಲಜಾ ಮೆನನ್ ಮತ್ತು ಸಂಗಡಿಗರು ಮಹಾರಾಷ್ಟ್ರದ ವಾಡಾ ಹಾಗೂ ನಮ್ಮ ಯಾದಗಿರಿಯ ಮಕ್ಕಳನ್ನು ಒಂದರಿಂದ ಮೂರನೇ ತರಗತಿಯವರೆಗೆ ಹಿಂಬಾಲಿಸಿ 2017ರಲ್ಲಿ ವರದಿ ಕೊಟ್ಟರು, ‘ಲಿರಿಲ್’ ಎಂದು ಅದು ಹೆಸರಾಗಿದೆ. ಯಾದಗಿರಿಯಲ್ಲಿ ಇದ್ದದ್ದು ನಲಿ-ಕಲಿ. ಮೂರನೇ ತರಗತಿ ಮುಗಿಸುವಾಗಲೂ ಬಹಳ ಮಕ್ಕಳಿಗೆ ಬಿಡಿ ಪದ ಓದುವುದೇ ಸಲೀಸಾಗಿರಲಿಲ್ಲ. ಪಠ್ಯಕ್ರಮ ಅಕ್ಷರಕ್ಕೆ ಜೋತುಬಿದ್ದು ಅರ್ಥವನ್ನು, ಮಗುವಿನ ಮಾತನ್ನು, ಒಳ್ಳೆಯ ಕಥೆಪುಸ್ತಕವನ್ನು ಕಡೆಗಣಿಸಿದೆ ಎಂಬುದು ಅವರ ನಿಲುವು. ಗೌರವಿಸಬೇಕಾದ ಕೆಲಸ. ಆದರೆ ಅಕ್ಷರ ಮತ್ತು ಅರ್ಥವನ್ನು ತಕ್ಕಡಿಯ ಎರಡು ತಟ್ಟೆಗಳಂತೆ ಇಟ್ಟು ಸಮತೋಲನ ಮಾಡಿ ಎನ್ನುವ ಈ ಭಾಷೆ ಇಂಗ್ಲಿಷಿನ ಜಗಳದಿಂದ ಬಂದದ್ದು. ಅಮೆರಿಕದಲ್ಲಿ ಕೆನೆತ್ ಗುಡ್‌ಮನ್ 1967ರಲ್ಲಿ ಓದು ಎಂದರೆ ಊಹೆಯ ಆಟ ಎಂದರು, 2000ದ ರಾಷ್ಟ್ರೀಯ ಓದು ಸಮಿತಿ ಫೋನಿಕ್ಸ್ ಪರ ತೀರ್ಪು ಕೊಟ್ಟಿತು, ಯುದ್ಧ ಇನ್ನೂ ಮುಗಿದಿಲ್ಲ. ಕನ್ನಡದಲ್ಲಿ ಆ ಎರಡು ಪಾಳೆಯಗಳಿಗೆ ಅಂಥ ಜಾಗವೇ ಇಲ್ಲ. ಇಲ್ಲಿ ಗುಣಿತವೇ ವ್ಯಾಕರಣ. ಲಿಪಿಯ ಚಿಹ್ನೆಯೊಂದನ್ನು ಕಲಿಸಿದರೆ ವಿಭಕ್ತಿಯನ್ನೋ ಕ್ರಿಯೆಯನ್ನೋ ಕಲಿಸಿದಂತೆ. ಅಕ್ಷರಕ್ಕೆ ಹೆಚ್ಚು ಸಮಯ ಹೋಯಿತು ಎಂಬ ದೂರಿಗಿಂತ, ಹೋದ ಸಮಯ ಯಾವ ಅಕ್ಷರಕ್ಕೆ ಹೋಯಿತು ಎಂದು ಕೇಳುವುದು ಹೆಚ್ಚು ಉಪಯುಕ್ತ.

ಈ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ಕೇಳಿದವರು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು. ಕನ್ನಡಿಗರು ಉಚ್ಚರಿಸದ ಹತ್ತು ಮಹಾಪ್ರಾಣಗಳು, ಷ, ಋ, ಐ, ಔ ಇವೆಲ್ಲ ಬರವಣಿಗೆಗೆ ಹೊರೆ, ತೆಗೆದುಹಾಕಿದರೆ ಎಲ್ಲರಿಗೂ ಓದು-ಬರಹ ಸುಲಭವಾಗುತ್ತದೆ ಎಂದು ಅವರು ವಾದಿಸಿದರು, ತಮ್ಮ ಹೆಸರನ್ನೇ ‘ಬಟ್’ ಎಂದು ಬರೆದುಕೊಂಡು ಆ ವಾದವನ್ನು ಬದುಕಿದರು. ಶಾಲೆಯ ಕಾಗುಣಿತದ ಅಹಂಕಾರವನ್ನು ಅವರಷ್ಟು ಚುಚ್ಚಿದವರಿಲ್ಲ. ಆದರೆ ಓದಲು ಕಲಿಯುವ ಮಗುವಿನ ಕಡೆಯಿಂದ ನೋಡಿದರೆ ಈ ಸುಧಾರಣೆ ಎಡವುತ್ತದೆ. ಒಂದನೇ ತರಗತಿಯ ಮಗು ಮಹಾಪ್ರಾಣವನ್ನು ಎದುರುಗೊಳ್ಳುವುದೇ ಅಪರೂಪ, ಅದು ಸೋಲುವುದು ಅಲ್ಲಲ್ಲ. ಐ, ಔಗಳನ್ನು ತೆಗೆದು ಅಯ್, ಅವ್ ಎಂದು ಬರೆದರೆ ಆಗುವುದು ಇನ್ನೂ ವಿಚಿತ್ರ: ‘ಮೈಸೂರು’ ‘ಮಯ್ಸೂರು’ ಆಗುತ್ತದೆ. ಒಂದು ಗುಣಿತ ಚಿಹ್ನೆಯ ಬದಲಿಗೆ ಒಂದು ವಿಜಾತೀಯ ಒತ್ತು ಬಂತು. ಸೋನಾಲಿ ನಾಗ್ ಅವರ ಅಳತೆಯಲ್ಲಿ ಒತ್ತು ಗುಣಿತಕ್ಕಿಂತ ಕಷ್ಟದ್ದು. ಬರೆಯುವವನ ನಾಲಗೆಗೆ ನ್ಯಾಯ ಕೊಡಲು ಹೋಗಿ ಓದುವವನ ಕಣ್ಣಿಗೆ ಹೊರೆ ಕೂಡಿಸಿದಂತಾಯಿತು. ಭಟ್ಟರ ಅನುಯಾಯಿಗಳಿಗೂ ವಿರೋಧಿಗಳಿಗೂ ನಡುವೆ ನಡೆದ ಬಿಸಿ ವಾಗ್ವಾದದಲ್ಲಿ ಸಂಸ್ಕೃತ, ಜಾತಿ, ಅಸ್ಮಿತೆ ಎಲ್ಲ ಬಂದವು; ಆರು ವರ್ಷದ ಓದುಗನೊಬ್ಬನನ್ನು ಕೂರಿಸಿಕೊಂಡು ‘ಮಯ್ಸೂರು’ ಓದಿಸಿ ನೋಡುವ ಪುರುಸೊತ್ತು ಯಾರಿಗೂ ಆಗಲಿಲ್ಲ.

ಅಪಾರ್ಟ್‌ಮೆಂಟಿನ ಫೋನಿಕ್ಸ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಇಂಗ್ಲಿಷಿಗೆ ಅದು ಒಳ್ಳೆಯ ಪದ್ಧತಿ. 1992ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಜಾಲಿ ಫೋನಿಕ್ಸ್ ಎಸ್, ಎ, ಟಿ, ಐ, ಪಿ, ಎನ್ ಎಂಬ ಆರು ಅಕ್ಷರಗಳಿಂದ ಶುರುವಾಗುತ್ತದೆ, ತರ್ಕ ರಗಸದಅದ್ದೇ. ಆದರೆ ಆ ಆರರಿಂದಲೇ ‘ಸಿಟ್’, ‘ಟ್ಯಾಪ್’, ‘ನ್ಯಾಪ್’, ‘ಸ್ಪಿನ್’ ಎಂಬ ಕ್ರಿಯಾಪದಗಳು ಹುಟ್ಟುತ್ತವೆ, ಇಂಗ್ಲಿಷಿನ ಕ್ರಿಯೆಗೆ ಬಾಲ ಬೇಕಿಲ್ಲ. ಇಂಗ್ಲೆಂಡಿನ ಮಗು ಆ ಪದಗಳನ್ನು ಕೇಳಿ ಬೆಳೆದಿರುತ್ತದೆ. ಕಂಕನಾಡಿಯ ಮಗು ಬಹಳ ಸಲ ಕೇಳಿರುವುದಿಲ್ಲ. ಇಂಗ್ಲೆಂಡಿನಲ್ಲಿ 2012ರಿಂದ ಆರು ವರ್ಷದ ಮಕ್ಕಳಿಗೆ ಫೋನಿಕ್ಸ್ ಪರೀಕ್ಷೆ ಉಂಟು: 40 ಪದ ಓದಿಸುತ್ತಾರೆ, ಅದರಲ್ಲಿ 20 ಅರ್ಥವೇ ಇಲ್ಲದ ಹುಸಿ ಪದಗಳು. ಮನೆಯಲ್ಲಿ ಇಂಗ್ಲಿಷ್ ಕೇಳದ ನಮ್ಮ ಮಗುವಿಗೆ 40ಕ್ಕೆ 40ಊ ಹುಸಿ ಪದಗಳೇ. ಅದು ಚೆನ್ನಾಗಿ ಉಚ್ಚರಿಸಿ ಅಪ್ಪ-ಅಮ್ಮನನ್ನು ಖುಷಿಪಡಿಸುತ್ತದೆ. ಕ್ಯಾಂಪ್‌ಬೆಲ್ ಸಾಹೇಬನಿಗೆ ಬಳ್ಳಾರಿಯಲ್ಲಿ ಕಂಡದ್ದೂ ಇದೇ.

ಎಲ್ಲರೂ ಉಲ್ಲೇಖಿಸುವ ‘ಅಸರ್’ ಎಂಬ ಕಲಿಕಾ ಸಮೀಕ್ಷೆಯ ಅಂಕಿಗಳನ್ನು ಹೇಗೆ ಓದಬೇಕು ಎಂಬುದೂ ಇಲ್ಲಿಗೇ ಸೇರುತ್ತದೆ. ದೇಶದ ಹಳ್ಳಿಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ. 27.3, 2022ರಲ್ಲಿ 20.5, 2024ರಲ್ಲಿ 27.1. ಕೋವಿಡ್ ಹೊಂಡದಿಂದ ಎದ್ದು ಹಳೆಯ ಜಾಗಕ್ಕೆ ಬಂದೆವು, ಅಷ್ಟೇ. ಹಳೆಯ ಜಾಗವೂ ಹೆಮ್ಮೆಯದ್ದಲ್ಲ. ಅಸರ್ ಹಳ್ಳಿಗಳಲ್ಲಿ ಮಾತ್ರ ನಡೆಯುವ ಸಮೀಕ್ಷೆಯಾದ್ದರಿಂದ ಕಂಕನಾಡಿಯ ಮಗು ಅದರಲ್ಲಿ ಇಲ್ಲವೇ ಇಲ್ಲ. ಇನ್ನು ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಗೆ ನಿಮಿಷಕ್ಕೆ 60 ಪದ ಎಂದು ಗುರಿ ಇಟ್ಟಿತು. ಆದರೆ ಪದದ ಅಳತೆ ಎಲ್ಲ ಭಾಷೆಗೂ ಒಂದಲ್ಲ: ‘ಶಾಲೆಯಲ್ಲಿರುವವರಿಗೆಲ್ಲ’ ಎಂಬುದು ಕನ್ನಡದಲ್ಲಿ ಒಂದು ಪದ, ಇಂಗ್ಲಿಷಿಗೆ ಅದೇ ಏಳೆಂಟಾಗುತ್ತದೆ. 2022ರ ಬುನಾದಿ ಕಲಿಕಾ ಸಮೀಕ್ಷೆ 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡ ಹುಡುಕಲು ಹೊರಟಿತೆಂಬುದು ಸಮಾಧಾನ. ಗೋಡೆಗೆ ಅಂಟಿಸಿದ 60 ಎಂಬ ಸಂಖ್ಯೆ ಮಾತ್ರ ಇನ್ನೂ ಟೀಚರುಗಳನ್ನು ಹೆದರಿಸುತ್ತಿದೆ.

ನಲಿ-ಕಲಿಯನ್ನು ಕಿತ್ತುಹಾಕಿ ಎಂಬ ಕೂಗು ಪ್ರತಿ ಹೊಸ ಸರ್ಕಾರದೊಂದಿಗೆ ಏಳುತ್ತದೆ. ಕಿತ್ತುಹಾಕಬೇಕಿಲ್ಲ. ತಟ್ಟೆ ಇರಲಿ, ಚಪ್ಪರ ಇರಲಿ, ರಗಸದಅವೂ ಇರಲಿ. ಕಲಿಕಾ ಏಣಿಯ ಮೊದಲ ಮೈಲುಗಲ್ಲಿನಲ್ಲೇ ಇಕಾರ, ಉಕಾರಗಳೂ, ಎರಡನೆಯದರಲ್ಲಿ ಆಕಾರ, ಎಕಾರಗಳೂ, ಮೊದಲ ವರ್ಷದೊಳಗೆ ಸಜಾತೀಯ ಒತ್ತೂ ಬರಲಿ. ಪ್ರತಿ ಗುಂಪಿನ ಕೊನೆಗೆ ಏನಾದರೂ ನಡೆಯುವ ಮೂರು ವಾಕ್ಯದ ಕಾರ್ಡು ಒಂದಿರಲಿ. ಕರಾವಳಿಯ ಕಾರ್ಡಿನಲ್ಲಿ ಮಡಿವಾಳ ಬರಲಿ, ಕಂಕನಾಡಿ ಬರಲಿ. ಇದಕ್ಕೆ ಹೊಸ ಯೋಜನೆ, ಹೊಸ ಹೆಸರು, ಹೊಸ ಲಾಂಛನ ಯಾವುದೂ ಬೇಡ, ಹೊಸದಾಗಿ ಅಚ್ಚಾದ ಕೆಲವು ಕಾರ್ಡುಗಳು ಸಾಕು. ಕೊಡಿಯಾಲ್‌ಬೈಲಿನ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮನಸ್ಸು ಮಾಡಿದರೆ ಮಂಗಳೂರಿನ ಒಂದು ಶಾಲಾ ಕ್ಲಸ್ಟರಿನಲ್ಲಿ ಮುಂದಿನ ಜೂನ್‌ನಿಂದಲೇ ಇದನ್ನು ಪ್ರಯೋಗಿಸಿ, ಪಕ್ಕದ ಕ್ಲಸ್ಟರಿನ ಮಕ್ಕಳ ಜೊತೆ ಮಾರ್ಚ್‌ನಲ್ಲಿ ಹೋಲಿಸಿ ನೋಡಬಹುದು. ಮೊದಲ ಕಾರ್ಡುಗಳನ್ನು ಹೆಗ್ಗಡದೇವನಕೋಟೆಯಲ್ಲಿ ಬರೆದದ್ದು ಮೇಷ್ಟ್ರುಗಳು. ಈ ಕಾರ್ಡುಗಳನ್ನು ಬರೆಯುವ ಕೆಲಸವನ್ನೂ ಸಮಿತಿಗೆ ಕೊಡದೆ ಇಲ್ಲಿಯ ಟೀಚರುಗಳಿಗೇ ಕೊಡಿ.